ಕಂಪ್ಯೂಟರ್ ಕೆಟ್ಟು ನಿಂತ ಶಾಲೆಯಿಂದ ಸಾಫ್ಟ್‌ವೇರ್‌ಗೆ ಹೋಗಬಹುದಾ?

ಸೋಮವಾರಪೇಟೆ ಹತ್ತಿರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದೀರಿ, ಲ್ಯಾಬ್‌ನಲ್ಲಿ ಕಂಪ್ಯೂಟರ್‌ಗಳು ಕೆಟ್ಟು ನಿಂತಿವೆ, ಇಲ್ಲಿಂದ ಸಾಫ್ಟ್‌ವೇರ್‌ಗೆ ಹೋಗೋಕೆ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನು ಭಾಗಮಂಡಲದ ಕಡೆಯವನು. ನಮ್ಮ ಶಾಲೆಯದ್ದೂ ಇದೇ ಕಥೆ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟೇ ಇರುತ್ತಿರಲಿಲ್ಲ. ಈಗ ಬೆಂಗಳೂರಿನಲ್ಲಿ ಡೇಟಾ ಎಂಜಿನಿಯರ್, ಅಂದರೆ ಕಂಪ್ಯೂಟರ್‌ನಲ್ಲಿ ಮಾಹಿತಿಯನ್ನು ಕಲೆಹಾಕಿ ಸರಿಯಾಗಿ ಜೋಡಿಸಿಡುವವನು ಆಗಿದ್ದೇನೆ.

ನನಗೆ ಈ ಕೆಲಸದ ಮೊದಲ ಪಾಠ ಸಿಕ್ಕಿದ್ದು ಶಾಲೆಯ ಅಂಗಳದ ಮಳೆಮಾಪಕದಿಂದ. ಮನೆ ಹತ್ತಿರ ಅಂತ ವಿಜ್ಞಾನದ ಸರ್ ಅದನ್ನು ನೋಡಿಕೊಳ್ಳೋಕೆ ನನಗೇ ಹೇಳಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ, ನೀರನ್ನು ಅಳತೆಯ ಗ್ಲಾಸಿಗೆ ಸುರಿದು, ಎಷ್ಟು ಮಿಲಿಮೀಟರ್ ಅಂತ ಪುಸ್ತಕದಲ್ಲಿ ಬರೆಯಬೇಕು. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಒಂದೇ ದಿನದ ಮಳೆಗೆ ಆ ಗ್ಲಾಸು ನಾಲ್ಕೈದು ಸಲ ತುಂಬುತ್ತಿತ್ತು.

ಒಂದು ಭಾನುವಾರ ನಾನು ಹೋಗಲಿಲ್ಲ. ಸಾಲು ಖಾಲಿ ಕಾಣಬಾರದು ಅಂತ ಮಾರನೇ ದಿನ ಅಲ್ಲಿ ಸುಮ್ನೆ ಸೊನ್ನೆ ಬರೆದೆ. ಸರ್ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, "ಸೊನ್ನೆ ಅಂದ್ರೆ ಮಳೆ ಬರಲಿಲ್ಲ ಅಂತ. ನೀನು ನೋಡಲಿಲ್ಲ ಅಷ್ಟೇ. ನೋಡದ ದಿನಕ್ಕೆ ಗೆರೆ ಎಳಿ, ಸೋಮವಾರದ ಮುಂದೆ ಎರಡು ದಿನದ್ದು ಅಂತ ಬರಿ" ಅಂದರು.

ಎಷ್ಟೋ ವರ್ಷದ ಮೇಲೆ ಡೇಟಾಬೇಸ್ ಕಲಿಯುವಾಗ 'ನಲ್' ಎದುರಾಯಿತು, ಅಂದರೆ ಬೆಲೆ ಗೊತ್ತಿಲ್ಲದ ಖಾಲಿ ಜಾಗ. ಸರಾಸರಿ ತೆಗೆಯುವಾಗ ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್ ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ, ನಲ್ ಅನ್ನು ಬಿಟ್ಟುಬಿಡುತ್ತದೆ. ತುಂಬ ಜನ ಇಲ್ಲೇ ಎಡವುತ್ತಾರೆ. ನನಗೆ ಸರ್ ಎಳೆಸಿದ ಗೆರೆ ನೆನಪಾಯಿತು.

ತೋಟದವರು ಮಳೆ ಹೇಳುವುದು ಇಂಚು, ಸೆಂಟಿನಲ್ಲಿ ಅಲ್ವಾ? ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ, ಇಂಚಿಗೆ 25.4 ಮಿಲಿಮೀಟರ್. ಅಪ್ಪ ಎರಡು ಇಂಚು ಇಪ್ಪತ್ತು ಸೆಂಟು ಅಂದರೆ ನಾನು 2.20ನ್ನು 25.4ರಿಂದ ಗುಣಿಸಿ, ಹತ್ತಿರ ಹತ್ತಿರ 56 ಮಿಲಿಮೀಟರ್ ಅನ್ನುತ್ತಿದ್ದೆ. ಪಿಯುಸಿಯಲ್ಲಿ ಕಂಪ್ಯೂಟರ್ ಕೈಗೆ ಸಿಕ್ಕಾಗ ಬರೆದ ಮೊದಲ ಪ್ರೋಗ್ರಾಮ್ ಇದೇ ಲೆಕ್ಕದ್ದು.

ನಿಜವಾಗಿ ಕಷ್ಟ ಕೊಟ್ಟಿದ್ದು ಇಂಗ್ಲಿಷ್. ಪಿಯುಸಿಯ ಮೊದಲ ತಿಂಗಳುಗಳಲ್ಲಿ ಪಾಠ ಅರ್ಥವಾಗದೆ ಹಾಸ್ಟೆಲ್‌ನಲ್ಲಿ ಅತ್ತಿದ್ದೇನೆ. ಗೊತ್ತಿಲ್ಲದ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದುಕೊಂಡು ಓದಿದೆ. ದೀಪಾವಳಿ ಹೊತ್ತಿಗೆ ದಾರಿಗೆ ಬಂತು. ನಿಮಗೂ ಬರುತ್ತದೆ, ಹೆದರಬೇಡಿ.

ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಎಂಜಿನಿಯರಿಂಗ್ ಪ್ರವೇಶದ ಸಿಇಟಿ ಸೀಟುಗಳಲ್ಲಿ ಶೇ. 5, ಹಳ್ಳಿಯಲ್ಲಿ ಓದಿದವರಿಗೆ ಶೇ. 15 ಮೀಸಲಾತಿ ಇದೆ. ಎರಡಕ್ಕೂ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಆಗಬೇಕು. ಶಾಲೆ ಬಿಡುವ ಮೊದಲೇ ಮಾಡಿಸಿಕೊಳ್ಳಿ, ಆಮೇಲೆ ಓಡಾಟ ಜಾಸ್ತಿ.

ಅಲ್ಲಿಯವರೆಗೆ ಲ್ಯಾಬ್ ರಿಪೇರಿ ಆಗಲಿ ಅಂತ ಕಾಯಬೇಡಿ. ಫೋನಿನ ಬ್ರೌಸರ್‌ನಲ್ಲೇ ಪೈಥಾನ್ ಅನ್ನುವ ಭಾಷೆಯಲ್ಲಿ ಪ್ರೋಗ್ರಾಮ್ ಬರೆದು ಓಡಿಸಬಹುದು. ನಿಮ್ಮ ಮನೆಯಲ್ಲೋ ಪಕ್ಕದ ತೋಟದಲ್ಲೋ ಮಳೆ ಲೆಕ್ಕದ ಪುಸ್ತಕ ಇದ್ದರೆ ತನ್ನಿ, ಒಂದು ವರ್ಷದ್ದು ಟೈಪ್ ಮಾಡಿ, ತಿಂಗಳ ಮೊತ್ತ ತೆಗೆಯಿರಿ. ಖಾಲಿ ಸಾಲು ಸಿಕ್ಕರೆ, ಆ ದಿನ ಮಳೆ ಬರಲಿಲ್ಲವಾ, ಯಾರೂ ನೋಡಲಿಲ್ಲವಾ ಅಂತ ಬರೆದವರನ್ನೇ ಕೇಳಿ.