ಸಂಡೇ ಸ್ಕೂಲ್ ಮಕ್ಕಳಿಗೆ ಸಿದ್ಧಾಂತ ಯಾಕೆ? ಕಥೆ, ಹಾಡು, ಪ್ರೀತಿ ಸಾಲದಾ?

ನಿಮಗೆ ಈ ಜೂನ್‌ನಿಂದ ಸಂಡೇ ಸ್ಕೂಲ್ ಕ್ಲಾಸ್ ಕೊಟ್ಟಿದ್ದಾರೆ, ಮಕ್ಕಳು ಐದನೇ ಆರನೇ ಕ್ಲಾಸಿನವರು, ಸಿದ್ಧಾಂತವನ್ನು, ಅಂದರೆ ದೇವರು ಯಾರು ಅನ್ನುವಂಥ ಸಭೆಯ ಬೋಧನೆಯನ್ನು, ದೇವಶಾಸ್ತ್ರ ಓದಿದವರಿಗೆ ಬಿಟ್ಟುಬಿಡಬಹುದು ಅಲ್ವಾ ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆರು ವರ್ಷ ಹಾಗೇ ಕಲಿಸಿದೆ.

ನಮ್ಮದು ಬೆಂಗಳೂರಿನ ಒಂದು ಹಳೇ ಕನ್ನಡ ಚರ್ಚ್ ಸಭೆ. ನನ್ನ ಕ್ಲಾಸಿನಲ್ಲಿ ನಮ್ಮಣ್ಣನ ಮಗನೂ ಇದ್ದ. ಒಂದು ಭಾನುವಾರ ಅವನೇ ಎದ್ದು ಕೇಳಿದ, "ಚಿಕ್ಕಪ್ಪ, ತಂದೆ, ಮಗ, ಪವಿತ್ರಾತ್ಮ ಅಂತೀವಲ್ಲ, ದೇವರು ಮೂವರಾ, ಒಬ್ಬರಾ?" ನಾನು ಏನೂ ಓದಿಕೊಂಡು ಹೋಗಿರಲಿಲ್ಲ. ಎಲ್ಲೋ ಕೇಳಿದ್ದ ಉದಾಹರಣೆ ಬಾಯಿಗೆ ಬಂತು. ನೀರು ಒಂದೇ. ಫ್ರಿಜ್‌ನಲ್ಲಿಟ್ಟರೆ ಐಸ್, ಒಲೆ ಮೇಲಿಟ್ಟರೆ ಹಬೆ. ದೇವರೂ ಹಾಗೇ, ಮೊದಲು ತಂದೆಯಾಗಿದ್ದರು, ಆಮೇಲೆ ಮಗನಾಗಿ ಬಂದರು, ಈಗ ಪವಿತ್ರಾತ್ಮರಾಗಿ ನಮ್ಮ ಜೊತೆ ಇದ್ದಾರೆ ಅಂದೆ. ಮಕ್ಕಳಿಗೆ ತಕ್ಷಣ ಅರ್ಥವಾಯಿತು. ಮುಂದಿನ ಬೇಸಿಗೆ ರಜೆಯ ಬೈಬಲ್ ಶಾಲೆಯಲ್ಲಿ (ವಿಬಿಎಸ್) ನಿಜವಾದ ಐಸ್ ತಂದು ತೋರಿಸಿದೆ. ಆಮೇಲೆ ಪ್ರತಿ ವರ್ಷ ಅದೇ ಪಾಠ.

ಇದರಲ್ಲಿ ಏನು ತಪ್ಪು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಲೋಟ ನೀರು ಐಸ್ ಆದಾಗ ಅದು ಹಬೆಯಲ್ಲ. ಹಬೆಯಾದಾಗ ಐಸ್ ಇರುವುದಿಲ್ಲ. ಅಂದರೆ ನಾನು ಕಲಿಸಿದ ದೇವರು ಒಬ್ಬರೇ, ಹೊತ್ತಿಗೊಂದು ವೇಷ ಹಾಕುವವರು. ಈಗ ಬೈಬಲಿನಲ್ಲಿ ಮತ್ತಾಯ 3ನೇ ಅಧ್ಯಾಯ ತೆಗೆಯಿರಿ. ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಮಗ, ಅಂದರೆ ಯೇಸು, ಮೇಲೆ ಬರುತ್ತಾನೆ. ಪವಿತ್ರಾತ್ಮ ಪಾರಿವಾಳದ ಹಾಗೆ ಇಳಿಯುತ್ತಾನೆ. ಪರಲೋಕದಿಂದ ತಂದೆಯ ಧ್ವನಿ ಕೇಳುತ್ತದೆ. ಮೂವರೂ ಒಂದೇ ಹೊತ್ತಿನಲ್ಲಿ! ಈ ಕಥೆಯನ್ನೂ ನಾನೇ ಅದೇ ಮಕ್ಕಳಿಗೆ ಹೇಳಿದ್ದೆ. ಒಂದು ಪಾಠ ಇನ್ನೊಂದನ್ನು ಸುಳ್ಳು ಮಾಡುತ್ತಿದೆ ಅನ್ನುವುದು ಆರು ವರ್ಷ ನನ್ನ ತಲೆಗೆ ಹೋಗಲಿಲ್ಲ. ಮೂರನೇ ಶತಮಾನದಲ್ಲಿ ರೋಮ್‌ನಲ್ಲಿ ಸಬೆಲಿಯಸ್ ಎಂಬುವನ ಹೆಸರಿನಲ್ಲಿ ಇಂಥದ್ದೇ ಬೋಧನೆ ಇತ್ತು, ಸಭೆ ಅದನ್ನು ಆಗಲೇ ತಳ್ಳಿಹಾಕಿತ್ತು. ಉದಾಹರಣೆ ಕೊಟ್ಟಿದ್ದಲ್ಲ ನನ್ನ ದೊಡ್ಡ ತಪ್ಪು. "ಗೊತ್ತಿಲ್ಲಪ್ಪ, ಓದಿ ಮುಂದಿನ ವಾರ ಹೇಳ್ತೀನಿ" ಅನ್ನದೇ ಹೋದದ್ದು. ಹೇಳಿದ ಮೇಲಾದರೂ ಬೈಬಲ್ ತೆಗೆದು ಸರಿಯಾ ಅಂತ ನೋಡದೇ ಹೋದದ್ದು. ಮಕ್ಕಳಿಗೆ ಅರ್ಥವಾಯಿತು ಅಂದ ಮೇಲೆ ಸರಿಯೇ ಇರಬೇಕು ಅಂದುಕೊಂಡೆ.

ಹುಡುಗ ಡಿಗ್ರಿಗೆ ಸೇರಿ ಕಮ್ಮನಹಳ್ಳಿಯ ಪಿಜಿಯಲ್ಲಿದ್ದ. ಅಲ್ಲಿಗೆ ಇಬ್ಬರು ಬೈಬಲ್ ಹಿಡಿದು ಬರತೊಡಗಿದರು. ಯೇಸು ದೇವರಲ್ಲ, ಸೃಷ್ಟಿಯಾದವನು ಅನ್ನುವುದು ಅವರ ವಾದ. ಇವನು ನೀರು, ಐಸ್, ಹಬೆ ಅಂದ. "ಹಾಗಾದರೆ ಗೆತ್ಸೇಮನೆ ತೋಟದಲ್ಲಿ ಯೇಸು ಯಾರಿಗೆ ಪ್ರಾರ್ಥನೆ ಮಾಡಿದ? ತನಗೇನಾ?" ಅಂತ ಕೇಳಿದರಂತೆ. ಇವನ ಹತ್ತಿರ ಉತ್ತರವಿರಲಿಲ್ಲ. ಅವರ ಜೊತೆಗೂ ಅವನು ಹೋಗಲಿಲ್ಲ. ಚಿಕ್ಕಪ್ಪ ಹೇಳಿದ್ದು ಐದು ನಿಮಿಷ ನಿಲ್ಲಲಿಲ್ಲ ಅಂದ ಮೇಲೆ ಉಳಿದದ್ದೆಲ್ಲ ಎಷ್ಟು ನಿಜ ಅಂತ ಎಲ್ಲವನ್ನೂ ಬಿಟ್ಟ. ಹೊಸೂರು ರಸ್ತೆಯ ಸಮಾಧಿ ಸ್ಥಳದಲ್ಲಿ ನಮ್ಮಮ್ಮನನ್ನು ಮಣ್ಣು ಮಾಡಿದ ದಿನ ಬಂದಿದ್ದ. ಪ್ರಾರ್ಥನೆ ಶುರುವಾದಾಗ ಗೇಟಿನ ಹೊರಗೆ ಹೋಗಿ ನಿಂತ. ಅವನಿಗೆ ಮೊದಲ ಪ್ರಾರ್ಥನೆ ಹೇಳಿಕೊಟ್ಟವಳು ಆ ಅಜ್ಜಿ.

ಹಾಗಾಗಿ ಕಥೆ ಬೇರೆ, ಸಿದ್ಧಾಂತ ಬೇರೆ ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಯೊರ್ದನ್ ಕಥೆ ಹೇಳಿದ ಕೂಡಲೇ ನೀವು ದೇವರು ಯಾರು ಅಂತ ಹೇಳಿಬಿಟ್ಟಿರಿ. ಸರಿಯಾಗಿ ಹೇಳಿದಿರಾ, ತಪ್ಪಾಗಿ ಹೇಳಿದಿರಾ, ಅಷ್ಟೇ ಉಳಿಯುವ ಪ್ರಶ್ನೆ. ಹಾಡೂ ಅಷ್ಟೇ. ಮಕ್ಕಳು ಪಾಠ ಮರೆತರೂ ಹಾಡಿನ ಸಾಲು ಮರೆಯುವುದಿಲ್ಲ.

ಪ್ರೀತಿ ಇದ್ದರೆ ಸಾಕು ಅಂತೀರಿ. ಆ ಹುಡುಗನನ್ನು ನಾನು ಹೆತ್ತ ಮಗನ ಹಾಗೆ ನೋಡಿಕೊಂಡಿದ್ದೆ. ಪ್ರೀತಿ ಕಡಿಮೆ ಇರಲಿಲ್ಲ. ಬೈಬಲಿನ ತೀತನ ಪತ್ರದ 2ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ 'ಸ್ವಸ್ಥ ಬೋಧನೆ' ಅನ್ನುತ್ತಾನೆ. ಮೂಲ ಗ್ರೀಕ್‌ನಲ್ಲಿ ಅದು ಆರೋಗ್ಯದ ಪದ, ಇಂಗ್ಲಿಷಿನ ಹೈಜೀನ್ ಹುಟ್ಟಿದ್ದೂ ಅದೇ ಬೇರಿನಿಂದ. ಎಷ್ಟೇ ಪ್ರೀತಿಯಿಂದ ಬಡಿಸಿದರೂ ಹಳಸಿದ ಅನ್ನ ಹೊಟ್ಟೆ ಕೆಡಿಸುತ್ತದೆ.

ಯಾವ ಪುಸ್ತಕ ಕೊಳ್ಳಲಿ ಅಂತಲೂ ಕೇಳಿದ್ದೀರಿ. ಈಗಲೇ ಬೇಡ. ಆರಾಧನೆಯಲ್ಲಿ ನೈಸೀಯ ವಿಶ್ವಾಸಪ್ರಮಾಣ (ನಾವು ಏನು ನಂಬುತ್ತೇವೆ ಅನ್ನುವ ಮಾತುಗಳು) ಹೇಳುತ್ತೀರಲ್ಲ, ಅದನ್ನು ಒಂದೊಂದು ಸಾಲು ನಿಲ್ಲಿಸಿ ಓದಿ. 325ರಲ್ಲಿ ನೈಸಿಯಾದ ಬಿಷಪ್‌ಗಳ ಮಹಾಸಭೆಯಲ್ಲಿ ಶುರುವಾಗಿ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬೆಳೆದ ಮಾತುಗಳು ಅವು. ಮಗನನ್ನು ಸೃಷ್ಟಿಯಾದವನು ಅಂದ ಆ ಕಾಲದ ಬೋಧಕ ಅರಿಯಸ್‌ಗೆ ಅಲ್ಲಿ ಉತ್ತರವಿದೆ. ಪಿಜಿಗೆ ಬಂದವರ ವಾದವೂ ಅದೇ ತಾನೇ? ನನ್ನ ಹುಡುಗನಿಗೆ ಬೇಕಿದ್ದ ಉತ್ತರವನ್ನು ನಾನು ವರ್ಷಗಟ್ಟಲೆ ಬಾಯಲ್ಲಿ ಹೇಳಿಕೊಂಡೇ ಬಂದಿದ್ದೆ. ಸುಮ್ನೆ ಹೇಳಿಕೊಂಡು ಬಂದಿದ್ದೆ. ಇನ್ನು ಅನುಮಾನ ಬಂದರೆ ನಿಮ್ಮ ಸಭಾಪಾಲಕರನ್ನು ಕೇಳಿ, ನಾಚಿಕೆ ಬೇಡ. ಕಲಿಸುವವರಿಗೆ ತೀರ್ಪು ಹೆಚ್ಚು ಕಠಿಣ ಅಂತ ಯಾಕೋಬನು ತನ್ನ ಪತ್ರದ 3ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಈಗ ಅದನ್ನು ಓದಿದರೆ ನನಗೆ ಭಯವಾಗುತ್ತದೆ.

ಹೋದ ವರ್ಷ ಆ ಹುಡುಗನ ರೂಮಿಗೇ ಹೋಗಿ, "ಆವತ್ತು ನಾನು ತಪ್ಪು ಹೇಳಿಕೊಟ್ಟೆ ಕಣೋ, ಕ್ಷಮಿಸು" ಅಂದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದ್ರೆ ಆ ತೋಟದಲ್ಲಿ ಯಾರ ಹತ್ತಿರ ಮಾತಾಡ್ತಿದ್ರು ಚಿಕ್ಕಪ್ಪ?" ಅಂದ. ಯೋಹಾನ 17 ತೆಗೆದೆ. ಜಗತ್ತು ಹುಟ್ಟುವ ಮೊದಲೇ ನೀನು ನನ್ನನ್ನು ಪ್ರೀತಿಸಿದೆ ಅಂತ ಮಗ ತಂದೆಗೆ ಹೇಳುವ ಮಾತು ಅಲ್ಲಿದೆ. ಅದನ್ನು ಎರಡು ಸಲ ಓದಿದ. ಇನ್ನೂ ಚರ್ಚಿಗೆ ಬಂದಿಲ್ಲ. ಎರಡನೇ ಶನಿವಾರ ಮನೆಗೆ ಬರುತ್ತಾನೆ, ಊಟ ಮಾಡಿ ಇಬ್ಬರೂ ಓದುತ್ತೇವೆ. ಅವನು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಈಗ ಅದರಲ್ಲಿ ನಾಲ್ಕು ಪ್ರಶ್ನೆಗಳಿವೆ.