ಮರೀನ್ ಡ್ರೈವ್‌ನಲ್ಲಿ ರಾತ್ರಿ ಕೂತು ಜಲವರ್ಣ ಚಿತ್ರ ಬಿಡಿಸಲು ಎಂಥ ದೀಪ ಕೊಳ್ಳಬೇಕು?

ವಾಟ್ ನೋಡುವ ಮೊದಲು ಪೆಟ್ಟಿಗೆಯ ಮೇಲೆ ಸಿಆರ್‌ಐ ಎಷ್ಟಿದೆ ನೋಡಿ. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ ಅದು, ಗರಿಷ್ಠ 100. 95 ದಾಟಿರಲಿ. 80ರ ಅಗ್ಗದ ಎಲ್‌ಇಡಿಯಲ್ಲಿ ಕೆಂಪು ಮಂಕಾಗುತ್ತದೆ. ಕಲರ್ ಟೆಂಪರೇಚರ್, ಅಂದರೆ ಬೆಳಕು ಹಳದಿಯೋ ಬಿಳಿಯೋ ಎಂಬುದರ ಅಳತೆ, 4000ದಿಂದ 5000 ಕೆಲ್ವಿನ್ ಸಾಕು. 3000ದ ಹಳದಿ ಬೆಳಕಲ್ಲಿ ಕಾಗದದ ಮೇಲೆ ತೆಳು ಹಳದಿ ಬಳಿದದ್ದೇ ಗೊತ್ತಾಗುವುದಿಲ್ಲ.

ಹೆಚ್ಚಿನವರು ಎಡವುವುದು ಪ್ರಖರತೆಯಲ್ಲಿ. ದೀಪ ಜೋರಾಗಿದ್ದರೆ ಕಾಗದ ಬೆಳಗುತ್ತದೆ, ನೀವು ಗಾಢವಾಗಿ ಬಳಿಯುತ್ತಾ ಹೋಗುತ್ತೀರಿ. ಮನೆಗೆ ತಂದು ನೋಡಿದರೆ ಚಿತ್ರವೆಲ್ಲ ಕಪ್ಪು. ದೀಪ ತೀರ ಮಂಕಾದರೆ ಇದರ ಉಲ್ಟಾ. ಜೊತೆಗೆ, ಜೋರು ಬೆಳಕಿಗೆ ಒಗ್ಗಿದ ಕಣ್ಣಿಗೆ ಎದುರಿನ ಕಡಲ ಕತ್ತಲೆಯೊಳಗಿನ ಛಾಯೆಗಳು ಕಾಣುವುದೇ ಇಲ್ಲ. ಹಾಗಾಗಿ ಬೆಳಕು ತಗ್ಗಿಸುವ ಸೌಲಭ್ಯ ಇರಲೇಬೇಕು. ಕಾಗದಕ್ಕೂ ಪ್ಯಾಲೆಟ್‌ಗೂ ಒಂದೇ ಥರದ ಬೆಳಕು ಬೀಳಬೇಕು. ಬಾಗುವ ಕತ್ತಿನ, ಒಂದೇ ಮಾದರಿಯ ಎರಡು ಕ್ಲಿಪ್ ದೀಪ ತಗೊಳ್ಳಿ.

ತಲೆಗೆ ಕಟ್ಟುವ ಟಾರ್ಚ್ ಬೇಡ. ನೀವು ತಿರುಗಿದಾಗಲೆಲ್ಲ ವಾಕಿಂಗ್ ಬಂದವರ ಕಣ್ಣಿಗೆ ಹೊಡೆಯುತ್ತದೆ, ಬೈಸಿಕೊಳ್ಳುತ್ತೀರಿ.

10,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಸುಮಾರು 37 ವಾಟ್-ಅವರ್. ನಷ್ಟ ಕಳೆದರೂ 5 ವಾಟ್‌ನಷ್ಟು ಬೆಳಕಿಗೆ ಐದು ಗಂಟೆ ಬಂದೀತು. ಆದರೆ ದೀಪ ತೀರ ಕಡಿಮೆ ಕರೆಂಟ್ ಎಳೆದರೆ ಕೆಲವು ಪವರ್ ಬ್ಯಾಂಕ್‌ಗಳು ತಾವಾಗಿಯೇ ಆಫ್ ಆಗುತ್ತವೆ. ಮುಂಬಯಿಯ ವಿದ್ಯುತ್ ಸಾಮಾನಿನ ಪೇಟೆ ಲೋಹಾರ್ ಚಾಳ್‌ಗೆ ದೀಪ ಕೊಳ್ಳಲು ಹೋಗುವಾಗ ನಿಮ್ಮ ಪವರ್ ಬ್ಯಾಂಕ್ ಒಯ್ದು, ಅಂಗಡಿಯಲ್ಲೇ ಬೆಳಕು ತಗ್ಗಿಸಿ ಸ್ವಲ್ಪ ಹೊತ್ತು ಉರಿಸಿ ನೋಡಿ. ಸಿಆರ್‌ಐ ಅಂದರೆ ಅಂಗಡಿಯವರು ಮಿಕಿಮಿಕಿ ನೋಡಬಹುದು. ಪೆಟ್ಟಿಗೆ ನೀವೇ ಓದಿ.