ಓದುಗರ ಪ್ರಶ್ನೆ, ನಮ್ಮ ಉತ್ತರ: ನೊಣದ ಮೊಟ್ಟೆ ಎಚ್ಚರಗೊಳ್ಳುವ ಹೊತ್ತು

ಪ್ರಶ್ನೆ: ಪ್ರಯೋಗಾಲಯದ ಹಣ್ಣುನೊಣ ಡ್ರೊಸೊಫಿಲದ ಮೊಟ್ಟೆಯಲ್ಲಿ ಮೊದಲ ಎರಡು ತಾಸು ಭ್ರೂಣದ ಜೀನುಗಳು ಹೆಚ್ಚುಕಡಿಮೆ ಸುಮ್ಮನಿರುತ್ತವಂತೆ. ಹಾಗಾದರೆ ಪ್ರೋಟೀನುಗಳು ಏರಿಳಿಯುವುದು ಹೇಗೆ? ವೀರ್ಯಾಣು ಸೇರಿದ ಮೇಲೆಯೇ ಇದೆಲ್ಲ ಶುರುವಾಗುತ್ತದೆಯೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ವೀರ್ಯಾಣು ಬೇಕಿಲ್ಲ. ಅಂಡಾಶಯದಿಂದ ಅಂಡನಾಳಕ್ಕೆ ಜಾರುವಾಗ ಬೀಳುವ ಒತ್ತಡ ಮತ್ತು ದ್ರವ ಹೀರಿ ಉಬ್ಬುವುದು, ಇವಷ್ಟೇ ಮೊಟ್ಟೆಯನ್ನು ಎಬ್ಬಿಸುತ್ತವೆ. ಟಿಆರ್‌ಪಿಎಂ ಎಂಬ ದಾರಿಯಿಂದ ಕ್ಯಾಲ್ಸಿಯಂ ಒಳನುಗ್ಗಿ ಮೊಟ್ಟೆಯುದ್ದಕ್ಕೂ ಅಲೆಯಾಗಿ ಹರಿಯುತ್ತದೆ. ಅಲ್ಲಿಯವರೆಗೆ ಮೊದಲ ಮಿಯಾಸಿಸ್‌ನ (ವರ್ಣತಂತುಗಳನ್ನು ಅರ್ಧಕ್ಕಿಳಿಸುವ ವಿಭಜನೆ) ಮೆಟಾಫೇಸ್ ಎಂಬ ನಡುಹಂತದಲ್ಲಿ ನಿಂತಿದ್ದ ವಿಭಜನೆ ಮುಂದಕ್ಕೆ ಸಾಗುತ್ತದೆ. ಫಲಿತವಾಗದ ಮೊಟ್ಟೆಯೂ ಇಷ್ಟು ದೂರ ಬರುತ್ತದೆ. ಭ್ರೂಣ ಬೆಳೆಸುವ ವಿಭಜನೆ, ಅಂದರೆ ಮೈಟಾಸಿಸ್ ಮಾತ್ರ ಅದಕ್ಕೆ ಸಾಧ್ಯವಿಲ್ಲ.

ತಾಯಿ ತುಂಬಿಟ್ಟ ಎಂಆರ್‌ಎನ್‌ಎ (ಪ್ರೋಟೀನು ತಯಾರಿಸುವ ಸೂಚನೆಯ ಪ್ರತಿ) ಅಲ್ಲಿ ಹಗೇವಿನೊಳಗಿನ ಜೋಳದಂತೆ ಮೊದಲೇ ಇರುತ್ತದೆ. ಯಾವುದನ್ನು ಈಗ ತೆಗೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದರಲ್ಲೇ ಎಲ್ಲ ಗುಟ್ಟು. ಮುಖ್ಯ ಕೀಲಿ ಪ್ಯಾನ್ ಗು ಕೈನೇಸ್, ಅಂದರೆ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ. ಅದಕ್ಕೆ ಪ್ಲುಟೋನಿಯಂ, ಜಿಎನ್‌ಯು ಎಂಬ ಎರಡು ಜೊತೆಗಾರ ಪ್ರೋಟೀನುಗಳು ಬೇಕು. ಮಲಗಿರುವ ಮೊಟ್ಟೆಯಲ್ಲಿ ಜಿಎನ್‌ಯು ಮೇಲೆ ಫಾಸ್ಫೇಟ್ ಅಂಟಿರುವುದರಿಂದ ಅದು ಉಳಿದೆರಡನ್ನು ಸೇರಲಾರದು. ಎಚ್ಚರವಾದೊಡನೆ ಫಾಸ್ಫೇಟ್ ಕಳಚುತ್ತದೆ, ಮೂರೂ ಕೂಡಿ ಕೆಲಸಕ್ಕಿಳಿಯುತ್ತವೆ, ಆಮೇಲೆ ಜಿಎನ್‌ಯು ತಾನೇ ನಾಶವಾಗುತ್ತದೆ. ಹೀಗಾಗಿ ಈ ಕೀಲಿ ತಿರುಗುವುದು ಸ್ವಲ್ಪ ಹೊತ್ತು ಮಾತ್ರ. ಇಡೀ ಏರ್ಪಾಡಿನಲ್ಲಿ ನಮಗೆ ಅತಿ ಸುಂದರ ಎನಿಸುವುದು ಇದೇ.

ಆ ಹೊತ್ತಿನಲ್ಲಿ ತಯಾರಾಗುವ ಸ್ಮಾಗ್ ಪ್ರೋಟೀನು ತಾಯಿಯ ಹಳೆಯ ಎಂಆರ್‌ಎನ್‌ಎಗಳನ್ನು ಒಡೆಸುತ್ತದೆ. ಅವುಗಳನ್ನು ಅದುಮಿಟ್ಟಿದ್ದ ಎಂಇ31ಬಿ, ಕಪ್, ಟ್ರೇಲರ್ ಹಿಚ್ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ನಾಶದ ಗುರುತು ಅಂಟಿ, ಮೊದಲ ತಾಸುಗಳಲ್ಲೇ ಅವು ತೀರಿಹೋಗುತ್ತವೆ.

ಪ್ರಶ್ನೆ: ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಪಟ್ಟಿಗಳಾಗಿ ಬೇರ್ಪಡಿಸಿ ಗುರುತಿಸುವ ಪರೀಕ್ಷೆ) ಎಂಇ31ಬಿ ಒಂದು ದಿನ ಇಳಿದು, ಇನ್ನೊಂದು ದಿನ ಹಾಗೇ ಉಳಿದಿರುತ್ತದೆ. ಬೇಸಿಗೆಯಲ್ಲಂತೂ ಯಾವುದೂ ಹೊಂದುವುದಿಲ್ಲ. ತಪ್ಪು ಎಲ್ಲಿದೆ?
– ಉಪನ್ಯಾಸಕ, ರಾಯಚೂರು

ಉತ್ತರ: ಬಹುಪಾಲು ತಪ್ಪು ಬ್ಲಾಟ್‌ನಲ್ಲಿಲ್ಲ, ಮೊಟ್ಟೆಯ ವಯಸ್ಸಿನಲ್ಲಿದೆ. 25 ಡಿಗ್ರಿಯಲ್ಲಿ ಮೊದಲ ನ್ಯೂಕ್ಲಿಯಸ್ ವಿಭಜನೆಗಳು ಸುಮಾರು 8–9 ನಿಮಿಷಕ್ಕೊಂದು. 18 ಡಿಗ್ರಿಯಲ್ಲಿ ಬೆಳವಣಿಗೆಗೆ ಸುಮಾರು ದುಪ್ಪಟ್ಟು ಸಮಯ ಹಿಡಿಯುತ್ತದೆ. ನಿಮ್ಮ ಊರಿನ ಮೇ ತಿಂಗಳ ಕೋಣೆಯಲ್ಲಿ ತಟ್ಟೆಯನ್ನು ಹೊರಗಿಟ್ಟರೆ ‘ಒಂದು ತಾಸಿನ ಮೊಟ್ಟೆ’ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಬಿಸಿ ಮಾಡುವುದಷ್ಟೇ ಅಲ್ಲ, ತಂಪು ಮಾಡುವ ಇನ್‌ಕ್ಯುಬೇಟರೂ ಬೇಕು. ಕರೆಂಟ್ ಹೋಗಿ ಬಂದ ದಿನದ ಮೊಟ್ಟೆ ಬಿಟ್ಟುಬಿಡಿ.

ತಟ್ಟೆಗೆ 75 ಮಿ.ಲೀ. ನೀರಿನಲ್ಲಿ 3 ಗ್ರಾಂ ಅಗರ್ ಕುದಿಸಿ, 25 ಮಿ.ಲೀ. ದ್ರಾಕ್ಷಿ ರಸ ಸೇರಿಸಿ. 60 ಡಿಗ್ರಿಗೆ ಇಳಿದ ಮೇಲೆ ಬೂಷ್ಟು ತಡೆಯಲು ಮದ್ಯಸಾರದಲ್ಲಿ ಕರಗಿಸಿದ ಶೇ. 10ರ ಮೀಥೈಲ್ ಪ್ಯಾರಾಬೆನ್ 0.3 ಮಿ.ಲೀ. ಹಾಕಿ. ನಡುವೆ ಯೀಸ್ಟ್ ಪೇಸ್ಟ್ ತೆಳುವಾಗಿ ಸವರಿ. ದಪ್ಪವಾದರೆ ಮೊಟ್ಟೆ ಅದರಲ್ಲಿ ಹೂತು ಹೋಗುತ್ತವೆ.

ಹೆಣ್ಣುನೊಣ ಫಲಿತ ಮೊಟ್ಟೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳಬಲ್ಲದು. ಮೊದಲ ತಾಸಿನ ಎರಡು ತಟ್ಟೆ ಎಸೆದು, ಮೂರನೆಯದರಿಂದ ಅರ್ಧ ತಾಸಿನಷ್ಟು ಮಾತ್ರ ತೆಗೆದುಕೊಳ್ಳಿ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು: ಅಕ್ಕಿ ನುಚ್ಚಿನಂಥ, ಸುಮಾರು ಅರ್ಧ ಮಿ.ಮೀ. ಮೊಟ್ಟೆ, ತಲೆಯ ಬಳಿ ಎರಡು ಹುಟ್ಟುಗೋಲಿನಂಥ ಕೊಂಬು. ಹಿಂತುದಿಯಲ್ಲಿ ಗುಂಡನೆಯ ಮೊಗ್ಗುಗಳು ಎದ್ದಿದ್ದರೆ ಅದಕ್ಕೆ ಒಂದೂವರೆ ತಾಸಾಗಿದೆ, ಸೂಜಿಯಿಂದ ತೆಗೆದುಬಿಡಿ.

ಮೊಟ್ಟೆಯ ಹೊರಚಿಪ್ಪು ಕೋರಿಯಾನ್ ಸುಲಿಯಲು ಬ್ಲೀಚ್‌ಗೆ ಸಮಪಾಲು ನೀರು ಬೆರೆಸಿ 2 ನಿಮಿಷ. ಕೊಂಬು ಕರಗಿದರೆ ಆಯಿತು, ಕೂಡಲೇ ತೊಳೆಯಿರಿ. ಬಿಸಿಲಿಗೆ ಬ್ಲೀಚ್ ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಹಳೆಯ ಬಾಟಲಿ ನಂಬಬೇಡಿ. ಇದೇ ದ್ರಾವಣ ಒಂದು ಪರೀಕ್ಷೆಯೂ ಹೌದು: ಅಂಡಾಶಯದಿಂದ ಬಿಡಿಸಿದ ಮಲಗಿದ ಮೊಟ್ಟೆ ಅದರಲ್ಲಿ ಒಡೆದು ಹರಿಯುತ್ತದೆ, ಎಚ್ಚರಗೊಂಡದ್ದು ಗಟ್ಟಿ ಪೊರೆಯಿಂದ ತಡೆದು ನಿಲ್ಲುತ್ತದೆ.

ಪ್ರತಿ ಹಂತಕ್ಕೂ ಎಣಿಸಿ 100 ಮೊಟ್ಟೆ, ಒಡನೆ ದ್ರವ ಸಾರಜನಕಕ್ಕೆ. ನಂತರ ಬಿಸಿ ಎಸ್‌ಡಿಎಸ್ (ಪ್ರೋಟೀನು ಬಿಡಿಸುವ ಮಾರ್ಜಕ) ಬಫರ್‌ನಲ್ಲೇ ಅರೆಯಿರಿ. ಮಂಜುಗಡ್ಡೆಯ ಮೇಲೆ ಬರಿ ಬಫರ್‌ನಲ್ಲಿ ಬಿಟ್ಟರೆ ಕಿಣ್ವಗಳು ಪ್ರೋಟೀನು ತಿನ್ನುತ್ತವೆ. 44–46 ಕಿಲೋಡಾಲ್ಟನ್ ಬಳಿ ಮೊಟ್ಟೆಯ ಹಳದಿಯ ಬಂಡಾರ ಪ್ರೋಟೀನಿನ ದಪ್ಪ ಪಟ್ಟಿ ಸುತ್ತಲಿನ ಪಟ್ಟಿಗಳನ್ನು ತಿರುಚುತ್ತದೆ. ಹೋಲಿಕೆಗೆ ಬಳಸುವ ಟ್ಯುಬುಲಿನ್ ಪ್ರೋಟೀನು 50ರ ಹತ್ತಿರವೇ ಇರುವುದರಿಂದ ಲೇನ್‌ಗೆ ಕಡಿಮೆ ಹಾಕುವುದು ಒಳ್ಳೆಯದು.

ಫಲಿತವಾಗದ ಮೊಟ್ಟೆಗಳ ಸಾಲು ಹೋಲಿಕೆಗೆ ಬೇಕೆಂದರೆ, ಟ್ಯೂಡರ್ ಎಂಬ ಜೀನು ಕೆಟ್ಟ (ಮ್ಯೂಟಂಟ್) ತಾಯಿಯ ಗಂಡುಮಕ್ಕಳನ್ನು ಹೆಣ್ಣುಗಳೊಡನೆ ಕೂಡಿಸಿ. ಅವಕ್ಕೆ ವೀರ್ಯಾಣು ಇರುವುದಿಲ್ಲ, ಆದರೂ ಹೆಣ್ಣು ಮೊಟ್ಟೆ ಇಡುತ್ತದೆ.

ಪ್ರಶ್ನೆ: ನಮ್ಮ ಮಾವಿನೊಳಗೆ ಹುಳು ಬಿಡುವ ನೊಣ ಇದೇ ಏನು?
– ಬೆಳೆಗಾರ, ಕೊಪ್ಪಳ

ಉತ್ತರ: ಅಲ್ಲ. ಅದು ಬ್ಯಾಕ್ಟ್ರೊಸೆರ, ಇದಕ್ಕಿಂತ ದೊಡ್ಡದು, ಬಲಿತ ಹಣ್ಣಿನ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಪ್ರಯೋಗಾಲಯದ ನೊಣ 2–3 ಮಿ.ಮೀ. ಮಾತ್ರ, ಕೊಳೆತು ಹುಳಿಬಂದ ಹಣ್ಣಿಗೆ ಮುತ್ತುತ್ತದೆ. ಮೀಥೈಲ್ ಯುಜೆನಾಲ್ ಬಲೆ ನಿಮ್ಮ ತೋಟದ ಗಂಡುನೊಣಕ್ಕೆ ಕೆಲಸ ಮಾಡುತ್ತದೆ, ಇದಕ್ಕಲ್ಲ. ಬಿದ್ದ ಹಣ್ಣನ್ನು ಮಾತ್ರ ದಿನವೂ ಆಯ್ದು ಆಳವಾಗಿ ಹೂಳಿ, ಎರಡೂ ತಗ್ಗುತ್ತವೆ.